ಮೂರನೇ ಮೆಟ್ಟಿಲಿನ ಮುಖ

ಅವನನ್ನು ಮೊದಲ ಸಲ ನೋಡಿದಾಗ ಅವನ ಶರ್ಟಿನ ಕಾಲರ್ ನನ್ನ ಮುಷ್ಟಿಯಲ್ಲಿತ್ತು.

"ನೀನೇನಾ ಆ ಚೆಕ್ಕರ್ರು?" ಅಂದೆ.

ಸಿನಿಮಾಗಳನ್ನು ಡಿಸ್ಕಿಗೆ ಹಾಕಿ ಮಾರುವ ಕಂಪನಿ ಅದು. ಮೂರನೇ ಮಹಡಿ, ಕಿಟಕಿಗೆ ಕಪ್ಪು ಪರದೆ, ಒಂದು ಮೇಜು, ಅದರ ಮೇಲೆ ಎರಡು ಟೀವಿ. ಕುರ್ಚಿಯಲ್ಲಿ ಕೂತು, ಡಿಸ್ಕಿನ ಚಿತ್ರ ಸರಿ ಇದೆಯೇ ಎಂದು ಪರೀಕ್ಷಿಸುತ್ತಿದ್ದವನು ಕಡ್ಡಿಯಂಥ ಆಳು, ದಪ್ಪ ಕನ್ನಡಕ, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು. ಅದನ್ನು ಕೆಳಗಿಡಬೇಕೆಂದೂ ಅವನಿಗೆ ತೋಚಲಿಲ್ಲ.

"ಹೌದು ಮೇಡಂ. ತಾವು..." ಅಂದವನು ಕತ್ತು ಮುಂದೆ ಚಾಚಿ ನನ್ನ ಮುಖ ನೋಡಿದ. ಆಮೇಲೆ ಅವನ ಕಣ್ಣು ಅರಳಿದ್ದನ್ನು ನೋಡಬೇಕಿತ್ತು. ನಾನು ಕತ್ತು ಹಿಸುಕುತ್ತಿದ್ದೇನೆ, ಈ ಮಹಾರಾಯ ಹಲ್ಲು ಬಿಡುತ್ತಿದ್ದಾನೆ! "ಮೆಟ್ಟಿಲು! ನೀವು ಆ ಮೆಟ್ಟಿಲಿನವರು!"

ನಾನು ಡ್ಯೂಪ್. ಹೀರೋಯಿನ್ ಬದಲು ಏಟು ತಿನ್ನುವುದು, ಗಾಜು ಒಡೆದುಕೊಂಡು ಹಾರುವುದು ನನ್ನ ಹೊಟ್ಟೆಪಾಡು. ಒಂದು ಚಿತ್ರದಲ್ಲಿ ವಿಲನ್ ಹೀರೋಯಿನ್ನಿನ ಕೂದಲು ಹಿಡಿದು ಮೆಟ್ಟಿಲಿಂದ ತಳ್ಳುತ್ತಾನೆ. ಉರುಳಿದ್ದು ನಾನು. ಮೂರನೇ ಮೆಟ್ಟಿಲಲ್ಲಿ ವಿಗ್ ಸರಿದು ನನ್ನ ಮುಖ ಕ್ಯಾಮೆರಾಗೆ ತಿರುಗಿತ್ತು, ಕಣ್ಣು ಮಿಟುಕಿಸುವಷ್ಟು ಹೊತ್ತು. ಥಿಯೇಟರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಈಗ ಅದು ಬ್ಲೂ-ರೇ ಡಿಸ್ಕಿನಲ್ಲಿ ಬರುತ್ತಿದೆ, ನಿಲ್ಲಿಸಿ ನೋಡಿದರೆ ನಿನ್ನ ಮುಖ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತದಂತೆ ಎಂದು ಫೈಟ್ ಮಾಸ್ಟರ್ ಹೇಳಿದ್ದೇ ತಡ, ಇಲ್ಲಿಗೆ ಓಡಿಬಂದಿದ್ದೆ.

"ಬ್ಲೂ-ರೇ ಬೇಡ. ಹಳೇ ಡಿವಿಡೀಲೇ ಬರಲಿ."

"ಯಾಕೆ ಮೇಡಂ? ಓನರ್ ಡಿವಿಡಿ ಸಾಕು ಅಂತಾನೇ ಇದ್ರು. ನಾನೇ ಕೈಕಾಲು ಹಿಡಿದು ಒಪ್ಪಿಸಿದ್ದು. ಇಲ್ಲಿ ನೋಡಿ!"

ಕಾಲರ್ ಬಿಡಿಸಿಕೊಂಡು ಎರಡೂ ಟೀವಿ ಹಾಕಿದ. ಎಡಗಡೆ ಡಿವಿಡಿ. ಅದರಲ್ಲಿ ಒಂದು ಬಟ್ಟೆಗಂಟು ಉರುಳಿದ ಹಾಗಿತ್ತು. ಬಲಗಡೆ ಬ್ಲೂ-ರೇ. ಅದರಲ್ಲಿ ಉರುಳುತ್ತಿದ್ದವಳು ನಾನು. ತುಟಿ ಒಡೆದಿದೆ, ಕಣ್ಣು ಪೂರ್ತಿ ತೆರೆದಿದೆ. ಅವನು ಖುಷಿಯಿಂದ ಪಾಜ್ ಬಟನ್ ಒತ್ತಿ ಚಿತ್ರ ನಿಲ್ಲಿಸಿದ.

ನನ್ನ ಎರಡೂ ಕೈ ತಾವಾಗಿಯೇ ನನ್ನ ಮುಖಕ್ಕೆ ಅಡ್ಡ ಬಂದವು.

ಅವನು ನನ್ನನ್ನು ನೋಡಿದ. ರಿಮೋಟ್ ನೋಡಿದ. ತಕ್ಷಣ ಎರಡೂ ಟೀವಿ ಆರಿಸಿ ಒಂದು ಲೋಟ ನೀರು ತಂದಿಟ್ಟು, ಎದುರಿಗೆ ಕೂರದೆ ಬಾಗಿಲ ಹತ್ತಿರ ಹೋಗಿ ನಿಂತ. ಯಾರಿಗೂ ಹೇಳದ್ದನ್ನು ನಾನು ಆ ಬಿಸ್ಕತ್ತಿನ ಆಸಾಮಿಗೆ ಹೇಳಿದ್ದು ಅದಕ್ಕೇ ಇರಬೇಕು.

ನನ್ನ ಗಂಡನಿಗೆ ಹೊಡೆದಾಟದ ಚಿತ್ರಗಳ ಹುಚ್ಚು. ಯಾವುದೇ ಡಿಸ್ಕ್ ಬರಲಿ, ಎಲ್ಲರಿಗಿಂತ ಮೊದಲು ತರುತ್ತಿದ್ದ. ಒಳ್ಳೆಯ ಏಟು ಬಂದ ಕಡೆ ಪಾಜ್ ಒತ್ತುತ್ತಿದ್ದ. "ಬಾರೇ, ಇಲ್ಲಿ ನಿಂತ್ಕೊ" ಎಂದು ಟೀವಿ ಮುಂದೆ ನಿಲ್ಲಿಸುತ್ತಿದ್ದ. ಮೊಣಕೈ ಎಷ್ಟು ಎತ್ತಬೇಕು, ಹೆಬ್ಬೆರಳು ಎಲ್ಲಿ ಮಡಚಬೇಕು ಎಂದು ಪರದೆ ನೋಡಿ ಸರಿಮಾಡಿಕೊಂಡು, ನನಗೆ ಹೊಡೆದು ನೋಡುತ್ತಿದ್ದ. ಡಿವಿಡಿ ಇದ್ದಾಗ ಮಸುಕು ಚಿತ್ರ ನೋಡಿ ಅಂದಾಜಿನಲ್ಲಿ ಹೊಡೆಯುತ್ತಿದ್ದ. ಬ್ಲೂ-ರೇ ಪ್ಲೇಯರ್ ತಂದಮೇಲೆ ಏಟುಗಳು ಸರಿಯಾದ ಜಾಗಕ್ಕೆ ಬೀಳತೊಡಗಿದವು. ಪಕ್ಕೆಲುಬು ಮುರಿದ ದಿನ ಅಮ್ಮನಿಗೆ ಫೋನ್ ಮಾಡಿದೆ. "ಸ್ವಲ್ಪ ಹೊಂದ್ಕೊಂಡು ಹೋಗೇ" ಎಂದಳು. ನಾನು ಮನೆ ಬಿಟ್ಟು ಹೋದೆ. ಬೀಳುವುದೊಂದು ಚೆನ್ನಾಗಿ ಬರುತ್ತಿತ್ತು, ಅದನ್ನೇ ಕೆಲಸ ಮಾಡಿಕೊಂಡೆ. ಸಿಕ್ಕಿದರೆ ಕೊಲ್ಲುತ್ತೇನೆ ಎಂದು ಅವನು ಇವತ್ತಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

"ಆ ಮೆಟ್ಟಿಲ ಸೀನಲ್ಲಿ ಅವನು ನಿಲ್ಲಿಸೇ ನಿಲ್ಲಿಸ್ತಾನೆ. ಆಮೇಲೆ ನನ್ನನ್ನ ಹುಡುಕೋದು ಅವನಿಗೆ ಕಷ್ಟ ಆಗಲ್ಲ."

ಚೆಕ್ಕರ್ ಬಾಗಿಲಿಂದ ವಾಪಸ್ ಬಂದು ಕುರ್ಚಿಯಲ್ಲಿ ಕೂತ. "ಓನರ್ ಇನ್ನು ಡಿವಿಡಿಗೆ ಇಳಿಯಲ್ಲ, ಜಾಹೀರಾತು ಕೊಟ್ಟಾಗಿದೆ. ಆದ್ರೆ ಮುಖದ ಮೇಲೆ ಕೂದಲು ಬಳೀಬಹುದು, ಒಂದೊಂದೇ ಫ್ರೇಮಲ್ಲಿ, ಕೈಯಿಂದ." ಹೇಳುತ್ತ ಹೇಳುತ್ತ ಸಪ್ಪಗಾದ. "ನಾನು ನೋಡಿರೋ ಮುಖಗಳಲ್ಲೆಲ್ಲ..."

"ಏನು?"

"ಏನಿಲ್ಲ. ಅಳಿಸ್ತೀನಿ."

ಶೂಟಿಂಗ್ ಇಲ್ಲದ ದಿನ ಹೋಗಿ ಅವನ ಪಕ್ಕ ಕೂರತೊಡಗಿದೆ. ಅವನ ಮೇಲೆ ನಂಬಿಕೆ ಇಲ್ಲ, ಕಣ್ಣಿಟ್ಟಿರಬೇಕು ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೆ. ಅವನು ಪ್ರತಿ ಸಲವೂ ಬಟನ್ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿ, "ಈಗ ನಿಲ್ಲಿಸ್ತೀನಿ, ಪರವಾಗಿಲ್ವಾ ಮೇಡಂ?" ಎಂದು ಕೇಳುತ್ತಿದ್ದ. ನಾನು ಹೂಂ ಎಂದಮೇಲೇ ಒತ್ತುತ್ತಿದ್ದ.

"ಮೇಡಂ ಮೇಡಂ ಅಂತ ಪ್ರಾಣ ತಿನ್ಬೇಡ."

"ಮತ್ತೇನನ್ಲಿ? ನಿಮ್ಮ ಹೆಸರು ಟೈಟಲ್ಲಲ್ಲೂ ಹಾಕಿಲ್ಲ."

"ನಾನು ನಿನ್ನ ಕನ್ನಡಕ ಅಂತೀನಿ. ನೀನು ಮೆಟ್ಟಿಲು ಅನ್ನು, ಸರಿಹೋಗುತ್ತೆ."

ಅವನ ಕಿವಿ ಕೆಂಪಾಯಿತು. ನೋಡುವುದಕ್ಕೆ ಚೆನ್ನಾಗಿತ್ತು, ಹಾಗಾಗಿ ಬೇಕೆಂದೇ ಆಗಾಗ ಕೆಂಪು ಮಾಡುತ್ತಿದ್ದೆ. ಕುರ್ಚಿಯ ದಿಂಬುಗಳನ್ನು ನೆಲಕ್ಕೆ ಹಾಕಿ ಅವನಿಗೆ ಬೀಳುವುದನ್ನೂ ಕಲಿಸಿದೆ. "ಗದ್ದ ಎದೆಗೆ ಅಂಟಿಸ್ಕೊ. ಮೈ ಸಡಿಲ ಬಿಡು. ಅಯ್ಯೋ, ಅಕ್ಕಿಮೂಟೆ ಥರ ಅಲ್ಲವೋ!"

"ನಿಮ್ಮನೇಲಿ ಯಾವ ಪ್ಲೇಯರ್ ಇದೆ?" ಎಂದು ಒಂದು ದಿನ ಕೇಳಿದೆ.

"ಡಿವಿಡಿ. ಇಷ್ಟು ಕಾಣ್ತಿದ್ಯಲ್ಲ, ಇನ್ನೇನು ಅವರ ಹಲ್ಲು ಎಣಿಸ್ಬೇಕಾ ಅಂತಾರೆ ಅಮ್ಮ." ಸ್ವಲ್ಪ ತಡೆದು ಹೇಳಿದ: "ಈಗೀಗ ಡಬ್ಬೀಲಿ ಇಬ್ಬರಿಗಾಗೋಷ್ಟು ಊಟ ಹಾಕ್ತಿದ್ದಾರೆ. ಯಾಕೆ ಅಂತ ನಾನೂ ಕೇಳಿಲ್ಲ."

ಅವತ್ತು ನನ್ನ ಪಾಲಿನ ಊಟವನ್ನೂ ಅವನ ಕಡೆಗೇ ತಳ್ಳಿದೆ. ಪ್ರೀತಿ ಹುಟ್ಟಿಬಿಟ್ಟಿತ್ತು, ಅದು ಗೊತ್ತಾಗಿ ಹೆದರಿಕೆಯೂ ಆಗಿತ್ತು.

ನಮಗೆ ತಿಳಿಯದೇ ಹೋದದ್ದು ಒಂದೇ. ಅಳಿಸುವ ಕೆಲಸ ಶುರುವಾಗುವ ಮೊದಲೇ ಓನರ್ ಕೆಲವು ಸ್ಯಾಂಪಲ್ ಬ್ಲೂ-ರೇಗಳನ್ನು ದೊಡ್ಡ ಅಂಗಡಿಗಳಿಗೆ ಕಳಿಸಿದ್ದರು. ಅಂಗಡಿಯವನೊಬ್ಬ ತನ್ನ ಖಾಯಂ ಗಿರಾಕಿಗೆ ಒಂದನ್ನು ದಾಟಿಸಿದ್ದ. ಕವರಿನ ಹಿಂದೆ ಕಂಪನಿಯ ವಿಳಾಸವಿತ್ತು.

ಮಧ್ಯಾಹ್ನ ಡಬ್ಬಿ ಬಿಚ್ಚಿದ್ದೆವು. ಬಾಗಿಲು ತೆರೆಯಿತು.

"ಯಾರು ಬೇಕಿತ್ತು ಸಾರ್?" ಎಂದ ಕನ್ನಡಕ.

ನನ್ನ ಗಂಡ ನನ್ನನ್ನೇ ನೋಡಿ ನಕ್ಕ. "ಹೆಂಡ್ತಿ ಎಲ್ಲಿದ್ದಾಳೆ ಅಂತ ವಿಚಾರಿಸೋಕೆ ಬಂದ್ರೆ ಇಲ್ಲೇ ಕೂತಿದ್ದಾಳೆ! ಏನು ಚೆನ್ನಾಗಿ ಬಿದ್ದಿದ್ದೀಯ ಕಣೇ. ಯಾರು ಕಲಿಸಿದ್ದು, ಹೇಳು?"

ಮೊದಲ ಏಟು ಕಿವಿಯ ಮೇಲೆ, ಎರಡನೆಯದು ಹೊಟ್ಟೆಗೆ. ಬಾಯಲ್ಲಿ ರಕ್ತದ ರುಚಿ ಬಂತು. ಸೆಟ್ಟಿನಲ್ಲಿ ಆರು ಜನರನ್ನು ಉರುಳಿಸುವ ನಾನು, ಆ ಟೀವಿಯ ಮುಂದೆ ನಿಂತ ಹಳೆಯ ಹೆಂಡತಿಯ ಹಾಗೆ ಮರಗಟ್ಟಿ ನಿಂತೆ. ಮೂರನೆಯ ಏಟು ಬೀಳುವ ಮೊದಲು ಕನ್ನಡಕ ಹಾರಿ ಬಂದು ಅವನ ಸೊಂಟ ತಬ್ಬಿಕೊಂಡ. ಪಾಪ, ಅವನಿಗೆ ಹೊಡೆಯಲು ಬರುವುದಿಲ್ಲ, ತಬ್ಬಿಕೊಳ್ಳಲಷ್ಟೇ ಬಂತು. ಒಂದು ಗುದ್ದಿಗೆ ಕನ್ನಡಕದ ಗಾಜು ಹುಬ್ಬಿನಲ್ಲಿ ನಾಟಿತು. ಬಿದ್ದ. ಎದ್ದ. ಮತ್ತೆ ಒದೆ ತಿಂದು ಬಿದ್ದ. ಕೊನೆಗೆ ಅವನ ಕಾಲು ಹಿಡಿದುಕೊಂಡು, "ಓಡು, ಮೆಟ್ಟಿಲೂ, ಓಡು!" ಎಂದು ಕೂಗಿದ.

ನನ್ನ ಗಂಡ ಶೂ ಎತ್ತಿ ಆ ಕೈಬೆರಳುಗಳ ಮೇಲೆ ತುಳಿದ. ಲಟಕ್ಕೆಂದ ಸದ್ದು ನನಗೆ ಕೇಳಿಸಿತು. ದಿನವಿಡೀ ನನ್ನ ಮುಖವನ್ನು ಮುಚ್ಚುತ್ತಿದ್ದ ಬೆರಳುಗಳವು. ಆ ಸದ್ದಿಗೆ ನನ್ನ ಮೈಗೆ ಜೀವ ಬಂತು.

ಸೆಟ್ಟಿನಲ್ಲಿ ನಮ್ಮ ಏಟು ಒಂದು ಗೇಣು ದೂರದಲ್ಲೇ ನಿಲ್ಲಬೇಕು. ಆ ದಿನ ನಾನು ನಿಲ್ಲಿಸಲಿಲ್ಲ. ಮೊಣಕೈ ನೇರ ಮೂಗಿಗೆ ಹೋಯಿತು. ಮೂಳೆ ಮುರಿದು ರಕ್ತ ಚಿಮ್ಮಿತು. ಮತ್ತೊಂದು, ಪಕ್ಕೆಗೆ, ನನ್ನದು ಮುರಿದಿದ್ದ ಜಾಗಕ್ಕೇ. ಅವನು ಬುಸುಗುಡುತ್ತ ನನ್ನ ಕೂದಲು ಹಿಡಿದು ಹೊರಗಿನ ಮೆಟ್ಟಿಲವರೆಗೆ ಎಳೆದುಕೊಂಡು ಹೋದ.

"ಈಗ ಬೀಳೇ, ನಾನೂ ನೋಡ್ತೀನಿ."

ಎರಡೂ ಕೈಯಿಂದ ಅವನ ಶರ್ಟು ಹಿಡಿದೆ. ಗದ್ದ ಎದೆಗೆ ಅಂಟಿಸಿಕೊಂಡೆ. ಅವನು ತಳ್ಳುವ ಮೊದಲೇ ನಾನೇ ಹಾರಿದೆ, ಅವನನ್ನೂ ಎಳೆದುಕೊಂಡು.

ಬೀಳಲು ಗೊತ್ತಿದ್ದದ್ದು ನನಗೊಬ್ಬಳಿಗೇ. ಮೆಟ್ಟಿಲು ಮುಗಿದ ಕಡೆ ನಾನು ಎದ್ದು ನಿಂತೆ. ಅವನ ಕಾಲು ಮಂಡಿಯ ಹತ್ತಿರ ಮಡಚಬಾರದ ಕಡೆಗೆ ಮಡಚಿತ್ತು. ಅವನು ಅರಚುತ್ತಿದ್ದ. ವಾಚ್‌ಮನ್ ಓಡಿಬಂದ, ಆಮೇಲೆ ಪೊಲೀಸರು ಬಂದರು. ನಡೆದದ್ದನ್ನೆಲ್ಲ, ಆ ಟೀವಿ ಮುಂದಿನದ್ದನ್ನೂ ಸೇರಿಸಿ, ನಾನೇ ನಿಂತು ಹೇಳಿ ಬರೆಸಿದೆ.

ಮೇಲೆ ಹೋದರೆ ಕನ್ನಡಕ ನೆಲದಲ್ಲಿ ಕೂತು ಮುರಿದ ಬೆರಳುಗಳಿಂದ ತನ್ನ ಗಾಜು ಹುಡುಕುತ್ತಿದ್ದ.

"ನಾನು ಸರಿಯಾಗಿ ಬಿದ್ನಾ?" ಎಂದ.

"ದರಿದ್ರವಾಗಿ ಬಿದ್ದೆ." ನಗಲು ಹೋಗಿ ಅತ್ತುಬಿಟ್ಟೆ. ಸೆರಗಿಲ್ಲದ ಕಾರಣ ಶರ್ಟಿನ ತೋಳಿನಿಂದಲೇ ಅವನ ಹುಬ್ಬಿನ ರಕ್ತ ಒರೆಸಿದೆ. "ಕನ್ನಡಕ, ನನ್ನ ಮುಖ ವಾಪಸ್ ಹಾಕು."

"ಅಷ್ಟು ದಿನದ ಕೆಲಸ!"

"ಹಾಕ್ತೀಯೋ, ಇಲ್ವೋ?"

"ಹಾಕ್ತೀನಿ. ಅಳಿಸುವಾಗೆಲ್ಲ ನನ್ನ ಹೊಟ್ಟೆ ಉರೀತಿತ್ತು." ಕಣ್ಣು ಸರಿಯಾಗಿ ಕಾಣದ ಧೈರ್ಯವೋ ಏನೋ, ನೇರ ನನ್ನ ಕಡೆಗೇ ನೋಡಿದ. "ನಾನು ನೋಡಿರೋ ಮುಖಗಳಲ್ಲೆಲ್ಲ ನಂಗೆ ಇಷ್ಟ ಆಗಿದ್ದು ಇದೊಂದೇ. ನೀನು ಕಾಲರ್ ಹಿಡಿಯೋಕೆ ಮುಂಚಿಂದಾನೇ."

ಅವನ ಒಡೆದ ಕನ್ನಡಕ ಹುಡುಕಿ ಅವನ ಮೂಗಿಗೇರಿಸಿದೆ. ಉತ್ತರಕ್ಕೆ ಮೊದಲು ವಿಚ್ಛೇದನವಾಗಲಿ ಎಂದುಕೊಂಡೆ. ಅವನೂ ಆ ಮಾತು ಮತ್ತೆ ಎತ್ತಲಿಲ್ಲ.

ವಿಚ್ಛೇದನ ಆದ ಮಾರನೆಯ ದಿನ, ಅವನ ಬೆರಳು ನೋಡಲೆಂದು ಆಗಾಗ ಹೋಗುತ್ತಿದ್ದ ಅವನ ಮನೆಗೆ ಮತ್ತೆ ಹೋದೆ. ಹೊಸ ಬ್ಲೂ-ರೇ ಪ್ಲೇಯರ್ ತಂದಿದ್ದ. ದಂಡ, ದಂಡ ಎಂದು ಅವನಮ್ಮ ಗೊಣಗುತ್ತ ಕೂತಿದ್ದರು. ಅವನ ಕೈಯಲ್ಲಿ ನಮ್ಮ ಚಿತ್ರದ ಎರಡು ಡಿಸ್ಕುಗಳಿದ್ದವು. ಕೂಡಿಕೊಂಡ ಬೆರಳುಗಳು ಸ್ವಲ್ಪ ಸೊಟ್ಟಗಿದ್ದವು.

"ಯಾವುದು ಹಾಕ್ಲಿ? ಡಿವಿಡಿ ಆದ್ರೆ ಆ ರಕ್ತ ಅಷ್ಟು ಕಾಣಲ್ಲ."

"ಅದರಲ್ಲಿ ನಾನೂ ಕಾಣಲ್ಲ. ಹೊಸದು ಹಾಕು."

ಮೆಟ್ಟಿಲಿನ ಸೀನ್ ಹತ್ತಿರವಾಗುತ್ತಿದ್ದಂತೆ ಅವನು ರಿಮೋಟನ್ನು ದೂರದ ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ನಾನು ಎದ್ದು ಹೋಗಿ ರಿಮೋಟ್ ತೆಗೆದುಕೊಂಡೆ. ಮೂರನೇ ಮೆಟ್ಟಿಲು ಬಂದಾಗ ನಾನೇ ಪಾಜ್ ಒತ್ತಿದೆ.

ಪರದೆಯ ತುಂಬ ನನ್ನ ಮುಖ ನಿಂತಿತು. ಒಡೆದ ತುಟಿ, ತೆರೆದ ಕಣ್ಣು. ನನ್ನ ಕೈಗಳು ಮೇಲೆ ಬರಲಿಲ್ಲ.

"ಅಯ್ಯೋ, ಇವಳು ನೀನೇ ಅಲ್ವೇನೇ!" ಎಂದರು ಅವನಮ್ಮ.

ಅಲ್ಲಿಯವರೆಗೆ ಅವರನ್ನು ಆಂಟಿ ಎನ್ನುತ್ತಿದ್ದೆ.

"ಹೌದು ಅತ್ತೆ, ನಾನೇ" ಎಂದೆ.

ಕನ್ನಡಕನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಅವನಮ್ಮ ಮಗನ ಬೆನ್ನು ತಟ್ಟುತ್ತ, ಇನ್ನೊಂದು ಕೈಯಿಂದ ತಮ್ಮ ಪಕ್ಕದ ಜಾಗ ಒರೆಸಿ, "ಹಾಗಿದ್ರೆ ಅಲ್ಲಿ ಯಾಕೆ ನಿಂತಿದ್ದೀಯಮ್ಮ, ಬಾ, ಇಲ್ಲಿ ಕೂತ್ಕೊ" ಎಂದರು.