ಪಕ್ಕದ ನಂಬರಿನ ಖಾತೆ

೨೦೦೯ರ ಜುಲೈ ೧೪, ಮಂಗಳವಾರ. ಮಹಾರಾಷ್ಟ್ರದ ಗಡಿಯ ಜತ್ತ ಪೊಲೀಸ್ ಠಾಣೆಗೆ ಅಸಂಗಿಯ ನೂರಮಹಮ್ಮದ ಬೆಳಿಗ್ಗೆಯೇ ಬಂದು ನಿಂತ. ಜೊತೆಗೆ ಮಗಳು ಶಬನಮ, ಅವಳಿಗೆ ಜೋಡಿಯಾಗಿ ಪಕ್ಕದ ಮನೆಯ ರೂಪಾಲಿ. ಇಬ್ಬರಿಗೂ ಹತ್ತೊಂಬತ್ತು ವರ್ಷ. ಆ ಊರಿನವರು ಹರೆಯದ ಹೆಣ್ಣುಮಕ್ಕಳನ್ನು ಜೋಡಿ ಇಲ್ಲದೆ ಬಸ್ಸು ಹತ್ತಿಸುವುದಿಲ್ಲ. ಶಾಲೆಗಾಗಲಿ, ದವಾಖಾನೆಗಾಗಲಿ, ಒಬ್ಬಳು ಹೊರಟರೆ ಇನ್ನೊಬ್ಬಳು ಬೇಕೇ ಬೇಕು. ರೂಪಾಲಿ ಹೊರಗಿನ ಬೆಂಚಿನ ಮೇಲೆ ಕುಳಿತಳು, ಅಪ್ಪ ಮಗಳು ಒಳಗೆ ಹೋದರು.

ಫೌಜದಾರ ಮಲ್ಲಿನಾಥ ಬಾಲಗಾಂವದವನು. ದೂರನ್ನು ಕನ್ನಡದಲ್ಲಿ ಕೇಳಿ ಎಫ್‌ಐಆರ್ ಮರಾಠಿಯಲ್ಲಿ ಬರೆಸುವುದು ಅವನಿಗೆ ನಿತ್ಯದ ಕೆಲಸ. ಆದರೆ ಇಂಥ ದೂರು ಅವನ ಮೇಜಿಗೆ ಬಂದದ್ದು ಇದೇ ಮೊದಲು. ಸಾಂಗಲಿಯ ಒಂದು ಖಾಸಗಿ ನರ್ಸಿಂಗ್ ಶಾಲೆಯಲ್ಲಿ ಶಬನಮಳಿಗೆ ಸೀಟು ಸಿಕ್ಕಿತ್ತು. ಅರ್ಜಿಯೆಲ್ಲ ವೆಬ್‌ಸೈಟಿನ ಮೇಲೆ. ಹೋದ ಶನಿವಾರ ಜತ್ತಿನ ನೆಟ್ ಕೆಫೆಯಲ್ಲಿ ಕುಳಿತು ಸೀಟು ಖಾಯಂ ಮಾಡಿದ್ದಳು. ಸೋಮವಾರ ನೋಡಿದರೆ ಸೀಟು ರದ್ದು. ಶಾಲೆಗೆ ಫೋನು ಹಚ್ಚಿದರೆ, ಶನಿವಾರವೇ ನಿಮ್ಮ ಖಾತೆಯಿಂದ ನೀವೇ ರದ್ದು ಮಾಡಿದ್ದೀರಿ ಅಂದರು. ಇನ್ನೊಂದು ಶನಿವಾರ ಬಂದರೆ ಆ ಸೀಟು ಬೇರೆಯವರ ಪಾಲು.

ನೂರಮಹಮ್ಮದನ ಪ್ರಕಾರ ಕಳ್ಳಿ ಮನೆಯಲ್ಲೇ ಇದ್ದಳು. ಪಾಸ್‌ವರ್ಡ್ ಗೊತ್ತಿದ್ದದ್ದು ಮಗಳಿಗೆ, ಮತ್ತೆ ಸೊಸೆ ದಿಲಶಾದಳಿಗೆ. ನಾದಿನಿ ಕಲಿಯುವುದು ಸೊಸೆಗೆ ಸೈರಿಸಲಾಗಲಿಲ್ಲ ಎಂದು ಅವನೇ ತೀರ್ಪು ಕೊಟ್ಟುಬಿಟ್ಟಿದ್ದ. ಹಿಂದಿನ ದಿನ ಸಂಜೆ ಕೂಸಿನ ಸಮೇತ ಅವಳನ್ನು ಶೇಗಾಂವದ ತವರಿಗೆ ಅಟ್ಟಿಯೂ ಆಗಿತ್ತು. ಎಂಥ ಅವಸರದ ಮನುಷ್ಯ! ದಿಲಶಾದಳ ಹೆಸರನ್ನು ಎಫ್‌ಐಆರಿಗೆ ಹಾಕಿರೆಂದು ಹಟ ಹಿಡಿದ. ಮಲ್ಲಿನಾಥ ಕಿವಿಗೊಡದೆ, ಆರೋಪಿ ಅಪರಿಚಿತ ಎಂದು ಬರೆಸಿದ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕರಣವಾದ್ದರಿಂದ ತನಿಖೆ ಡಿವೈಎಸ್ಪಿ ಸಾಹೇಬರ ಹೆಸರಿನಲ್ಲಿ ನಡೆಯಬೇಕು, ಓಡಾಟ ಮಾತ್ರ ಇವನದು.

ಮರುದಿನ ಶೇಗಾಂವಕ್ಕೆ ಹೋದ. ದಿಲಶಾದ ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಅತ್ತು ಅತ್ತು ಕಣ್ಣು ಬಾತಿದ್ದವು.

"ಪಾಸ್‌ವರ್ಡ್ ನಿನಗ ಗೊತ್ತೈತಿ?"

"ಗೊತ್ತೈತ್ರಿ. ಮರೀಬಾರ್ದಂತ ಅಕೀನ ನನಗ ಹೇಳಿಟ್ಟಿದ್ಲು."

"ಶನಿವಾರ ಜತ್ತಿಗೆ ಹೋಗಿದ್ದೇನು?"

"ನನ್ನ ಒಬ್ಬಾಕಿನ್ನ ಜತ್ತಿಗೆ ಯಾರ ಕಳಸ್ತಾರ್ರಿ, ಸಾಹೇಬ್ರ?"

ಜೀಪಿನಲ್ಲಿ ಕುಳಿತ ಮೇಲೂ ಮಲ್ಲಿನಾಥನನ್ನು ಆ ಮಾತು ಬಿಡಲಿಲ್ಲ. ಅವಳು ಒಬ್ಬಳೇ ಹೋಗುವ ಹಾಗಿಲ್ಲ, ಸರಿ. ಹಾಗಾದರೆ ಶಬನಮಳೂ ಶನಿವಾರ ಒಬ್ಬಳೇ ಹೋಗಿರಲಿಕ್ಕಿಲ್ಲ.

ಗುರುವಾರ ಸಾಂಗಲಿಗೆ ಹೋದ. ವೆಬ್‌ಸೈಟ್ ಕಟ್ಟಿದ ಎಂಜಿನಿಯರ್ ಮೊದಲು ಮೈಮೇಲೆ ನೊಣ ಕೂಡ್ರಿಸಿಕೊಳ್ಳಲಿಲ್ಲ. ಪಾಸ್‌ವರ್ಡ್ ಇಲ್ಲದೆ ಯಾರೂ ಒಳಗೆ ಬರಲಾಗದು, ಹುಡುಗಿ ತಾನೇ ಮಾಡಿ ಮರೆತಿದ್ದಾಳೆ ಅಂದ. ಆ ಗಳಿಗೆಯಲ್ಲಿ ಒಳಗಿದ್ದವರು ಯಾರು, ಅಷ್ಟು ತೋರಿಸು ಎಂದು ಮಲ್ಲಿನಾಥ ಕುರ್ಚಿ ಎಳೆದುಕೊಂಡು ಕುಳಿತ. ಎಂಜಿನಿಯರ್ ಸರ್ವರಿನ ದಾಖಲೆ ತೆಗೆದ, ಓದಿದ, ಪರದೆಯನ್ನು ಮಲ್ಲಿನಾಥನ ಕಡೆ ತಿರುಗಿಸಿದ. ರದ್ದಾದದ್ದು ಶಬನಮಳ ಅರ್ಜಿ. ಜತ್ತಿನ ಕೆಫೆಯಿಂದ ಲಾಗಿನ್ ಆಗಿದ್ದದ್ದು ಅವಳದಕ್ಕಿಂತ ಒಂದೇ ನಂಬರು ಹಿಂದಿನ ಖಾತೆ.

ಪಂಚರ ಎದುರು ಅದನ್ನೇ ಮಾಡಿಸಿ ಪಂಚನಾಮೆ ಬರೆಸಿದ. ಎಂಜಿನಿಯರ್ ಒಂದು ಖಾತೆಗೆ ಸರಿಯಾದ ಪಾಸ್‌ವರ್ಡ್ ಕೊಟ್ಟು ಒಳಗೆ ಹೋದ. ಪರದೆಯ ಮೇಲ್ತುದಿಯಲ್ಲಿ ವೆಬ್‌ಸೈಟಿನ ವಿಳಾಸ ತೋರಿಸುವ ಪಟ್ಟಿಯಲ್ಲಿ ಅರ್ಜಿಯ ನಂಬರಿತ್ತು. ಕೊನೆಯ ಅಂಕಿಯನ್ನು ಅಳಿಸಿ ಮುಂದಿನದನ್ನು ಒತ್ತಿದ. ಇನ್ನಾರದೋ ಅರ್ಜಿ ತೆರೆದುಕೊಂಡಿತು, ರದ್ದು ಗುಂಡಿಯ ಸಮೇತ. ಬಾಗಿಲಲ್ಲಿ ಒಮ್ಮೆ ತಡೆಯುತ್ತಿತ್ತು ಅಷ್ಟೇ, ಒಳಗೆ ಹೋದವರು ಯಾರ ಕೋಣೆಗೆ ನುಗ್ಗಿದರೂ ಹೇಳುವವರು ಕೇಳುವವರು ಇರಲಿಲ್ಲ. ಇವತ್ತೇ ಸರಿಮಾಡ್ತೀನಿ ಎಂದು ಎಂಜಿನಿಯರ್ ತಲೆ ತುರಿಸಿದ. ಮಲ್ಲಿನಾಥನಿಗೆ ಸಿಟ್ಟು ನೆತ್ತಿಗೇರಿತು. ಇವನೊಬ್ಬನ ಬೇಜವಾಬ್ದಾರಿಗೆ ಶೇಗಾಂವದಲ್ಲಿ ಒಬ್ಬಳು ಕೂಸು ಕಟ್ಟಿಕೊಂಡು ಅಳುತ್ತಿದ್ದಳು.

ಹಿಂದಿನ ನಂಬರು ಯಾರದೆಂದು ಕೇಳಬೇಕಾಗಿಯೇ ಇರಲಿಲ್ಲ. ಬಸ್ಸಿನಲ್ಲಿ ಹೇಗೋ ಹಾಗೆಯೇ ಕೆಫೆಯಲ್ಲೂ ರೂಪಾಲಿ, ಶಬನಮ ಇಬ್ಬರೂ ಒಬ್ಬರ ಹಿಂದೊಬ್ಬರು ಕುಳಿತು ಅರ್ಜಿ ತುಂಬಿದ್ದರು.

ಶುಕ್ರವಾರ ಮಧ್ಯಾಹ್ನ ಶಬನಮಳನ್ನು ಹೇಳಿಕೆಗೆ ಕರೆಸಿದ. ಅಂದುಕೊಂಡಂತೆ ರೂಪಾಲಿ ಜೋಡಿಯಾಗಿ ಬಂದು ಅದೇ ಬೆಂಚಿನ ಮೇಲೆ ಕುಳಿತಳು. ಮಹಿಳಾ ಪೊಲೀಸ್ ಗುರವ್ವ ಅವಳನ್ನೇ ಒಳಗೆ ಕರೆತಂದಳು.

"ಶನಿವಾರ ಶಬನಮ ಎದ್ದು ಎಲ್ಲಿ ಹೋದ್ಲು?"

"ಫೋಟೋ ತಗಸಾಕ್ರಿ. ಎದುರಿನ ಸ್ಟುಡಿಯೋಕ್ಕ."

"ನೀ ಏನ್ ಮಾಡಿದಿ?"



"ನನ್ನ ಹೆಸರ ಬಂದೈತೇನಂತ ನೋಡಿದ್ನಿರಿ. ಬಂದಿರಲಿಲ್ಲ. ಸುಮ್ಮನ ಒಂದ ಅಂಕಿ ಬದಲ ಮಾಡಿದ್ನಿ. ಅಕೀದು ತೆರೀತು."

"ರದ್ದ ಮಾಡಿದ್ರ ಸೀಟ ನಿನಗ ಬರತಿತ್ತೇನು?"

"ಇಲ್ರಿ. ವೇಟಿಂಗ್ ಲಿಸ್ಟಿನಾಗೂ ನಾ ಇಲ್ಲ."

"ಮತ್ಯಾಕ?"

"ಅಕಿ ಹೋದ್ರ ನನಗ ಜೋಡಿ ಯಾರ್ರಿ? ಮರುದಿನಾನ ನನ್ನ ಕಂಪ್ಯೂಟರ್ ಕ್ಲಾಸ್ ಬಿಡಸ್ತಿದ್ರು. ಆಮ್ಯಾಲ ನಾ ಹೊಸ್ತಿಲಾ ದಾಟೂದು ಮದುವ್ಯಾದ ದಿನಾನ."

ಬಾಗಿಲ ಹಿಂದೆ ಶಬನಮ ನಿಂತಿದ್ದಳು. ಅವಳು ಬೈಯಲಿಲ್ಲ. ನಮ್ಮ ದಿಲಶಾದ ಭಾಬಿನ್ನ ಹೊರಗ ಹಾಕೂ ಮುಂದ ನೀ ಅಲ್ಲೇ ನಿಂತಿದ್ದಿ, ಅಂದಳು ಅಷ್ಟೇ.

ಸೂರ್ಯ ಮುಳುಗುವ ಮೊದಲೇ ಬಂಧನದ ಕಾಗದ ಮುಗಿಯಿತು. ಸಂಚು ಬಯಲಾದದ್ದರಿಂದ ಸೀಟು ಶಬನಮಳಿಗೇ ಉಳಿಸುವುದಾಗಿ ಶಾಲೆಯವರು ಫೋನಿನಲ್ಲಿ ಹೇಳಿದರು, ಸೋಮವಾರ ಹಾಜರಾಗಬೇಕು. ಮಲ್ಲಿನಾಥ ನೂರಮಹಮ್ಮದನನ್ನು ಕರೆದು, ಮೊದಲು ಶೇಗಾಂವಕ್ಕೆ ಹೋಗಿ ಸೊಸೆಯ ಮುಂದೆ ತಪ್ಪಾಯಿತು ಅನ್ನು ಎಂದು ಖಡಕ್ಕಾಗಿ ಹೇಳಿದ. ಅವನು ಹೂಂ ಅಂದ. ಆಮೇಲೆ ಮೆಲ್ಲಗೆ, ಇನ್ನ ಶಬನಮನ್ನ ಯಾರ ಜೋಡಿ ಕಳಸಲ್ರಿ, ಅಂದ. ಮಲ್ಲಿನಾಥನಿಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

ಗುರವ್ವ ಜೀಪಿನ ಹಿಂಬಾಗಿಲು ತೆರೆದಳು. ರೂಪಾಲಿ ಹತ್ತಿ ಕುಳಿತವಳೇ, ಸೆರಗು ಎಳೆದುಕೊಂಡು ಒಂದು ಬದಿಗೆ ಸರಿದಳು. ಬಸ್ಸಿನಲ್ಲಿ ಶಬನಮಳಿಗೆ ದಿನಾ ಬಿಡುತ್ತಿದ್ದಷ್ಟೇ ಜಾಗ ಬಿಟ್ಟಿದ್ದಳು. ಅಲ್ಲಿ ಗುರವ್ವ ಕುಳಿತಳು.