ಬುಟ್ಟಿ ಬಿಡಿ, ಟೈಲರಮ್ಮ!

"ಬುಟ್ಟಿ ಬಿಡಿ, ಟೈಲರಮ್ಮ!"

ಎದುರು ಬೇಕರಿಯವನು ಅವಳೊಡನೆ ಆಡಿದ ಮೊದಲ ಮಾತೇ ಇದು! ಎರಡನೇ ಮಹಡಿಯ ಕಿಟಕಿಯಿಂದ ಬಗ್ಗಿ ನೋಡಿದಳು. ಕೆಳಗೆ ಒಂದು ದೊಡ್ಡ ಹೊಟ್ಟೆ, ಅದರ ಮೇಲೊಂದು ದೊಡ್ಡ ನಗು, ಕೈಯಲ್ಲಿ ಹರಿದ ಪ್ಯಾಂಟು.

"ಯಾಕ್ರೀ, ಮೆಟ್ಟಿಲು ಹತ್ತೋಕೆ ಕಾಲಿಲ್ವಾ ನಿಮಗೆ?"

ಆ ನಗು ಚೂರು ಮಾಸಿತು. "ಇದೆ... ಬುಟ್ಟಿನೇ ಸಾಕು ಬಿಡಿ."

'ಎಷ್ಟು ಸೊಕ್ಕು!' ಎಂದುಕೊಳ್ಳುತ್ತಲೇ, ವಯಸ್ಸಾದ ಗಿರಾಕಿಗಳಿಗೆಂದು ಕಟ್ಟಿದ್ದ ಹಗ್ಗದ ಬುಟ್ಟಿ ಇಳಿಬಿಟ್ಟಳು. ಪ್ಯಾಂಟಿನ ಜೊತೆ ಬಿಸಿ ಬನ್ನೂ ಮೇಲೆ ಬಂತು.

ಆಮೇಲೆ ಬುಟ್ಟಿ ಇಳಿದಾಗಲೆಲ್ಲ ಬನ್ ಬಂತು. ಹಾಳು ಮನಸ್ಸು, ಬುಟ್ಟಿಯ ಜೊತೆಗೇ ಇಳಿದು ಹತ್ತುವುದನ್ನು ಕಲಿತುಬಿಟ್ಟಿತು!

ಈಚೆಗೆ ಮಾತ್ರ ಅವನದು ಒಂದೇ ರಾಗ, ಪ್ಯಾಂಟಿನ ಸೊಂಟ ಚಿಕ್ಕದು ಮಾಡಿ ಎಂದು. ಅವಳೂ ಮಾಡುತ್ತಿದ್ದಳು. ಮತ್ತೆ ದಪ್ಪಗಾದರೆ ಬಿಚ್ಚಲು ಬರಲಿ ಎಂದು ಒಳಗೆ ಬಟ್ಟೆ ಉಳಿಸಿಯೇ ಹೊಲಿಯುತ್ತಿದ್ದಳು. ಯಾರನ್ನೂ ಪೂರ್ತಿ ನಂಬುವ ಜೀವವಲ್ಲ ಅವಳದು.

"ಬೇಕರಿಯವನೇ ಬನ್ ತಿನ್ನೋದು ಬಿಟ್ಟಿದ್ದಾನೆ ಅಂದ್ರೆ? ಬೆಂಕಿ ಇಲ್ದೆ ಹೊಗೆ ಆಡಲ್ಲ ಕಣೇ!" ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಅವಳ ಅಕ್ಕ ಕಣ್ಣು ಮಿಟುಕಿಸಿದಳು.

'ಯಾರಿಗಾಗಿ ಇಷ್ಟು ಸಣ್ಣಗಾಗ್ತಿದ್ದಾನೆ? ನನಗಾಗಿಯಾ? ಛೇ... ನನಗಾಗಿ ಮೆಟ್ಟಿಲನ್ನೇ ಹತ್ತದವನು!'

ಮರುದಿನ ಅಕ್ಕ ಏದುಸಿರು ಬಿಡುತ್ತಾ ಬಂದಳು.

"ಕಣ್ಣಾರೆ ನೋಡ್ದೆ! ಬೇಕರಿಯವನು ಪಾರ್ಕಿನ ಮೆಟ್ಟಿಲ ಮೇಲೆ ಯಾವಳೋ ಚೆಂದದ ಹುಡುಗಿ ಕೈ ಹಿಡ್ಕೊಂಡು ಹತ್ತೋದೇನು, ಇಳಿಯೋದೇನು!"

ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. 'ಅವಳಿಗಾದ್ರೆ ಹತ್ತುತ್ತಾನೆ! ಅವಳಿಗೋಸ್ಕರ ತೆಳ್ಳಗಾಗೋ ಪ್ಯಾಂಟನ್ನ ನಾನು ಹೊಲೀಬೇಕು!'

ಅಷ್ಟರಲ್ಲೇ ಕೆಳಗಿನಿಂದ ಅದೇ ದನಿ. "ಬುಟ್ಟಿ ಬಿಡಿ, ಟೈಲರಮ್ಮ!"

"ಹಗ್ಗ ಹರಿದಿದೆ! ಬೇಕಿದ್ರೆ ಹತ್ತಿ ಬನ್ನಿ!" ಕಿಟಕಿಯನ್ನು ದಢಾರನೆ ಮುಚ್ಚಿದಳು.

ಕೆಳಗೆ ಸದ್ದಿಲ್ಲ. 'ಹೋದನಾ?'

ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂದು ಹೆಜ್ಜೆ, ಸುಧಾರಿಸಿಕೊಳ್ಳುವಷ್ಟು ಮೌನ, ಮತ್ತೊಂದು ಹೆಜ್ಜೆ... ಕೊನೆಗೆ ಬಾಗಿಲ ಚೌಕಟ್ಟು ಹಿಡಿದು, ಬೆವರಲ್ಲಿ ತೊಯ್ದು ನಿಂತಿದ್ದ ಬೇಕರಿಯವನು.

"ಪಾರ್ಕಲ್ಲಿದ್ದ ಹುಡುಗಿ ಯಾರು?" ಬೇಡವೆಂದರೂ ಬಾಯಿಂದ ಜಾರಿತು.

"ಫಿಸಿಯೋಥೆರಪಿಯವರು. ನನಗೆ ಮೆಟ್ಟಿಲು ಹತ್ತೋದು ಕಲಿಸ್ತಾರೆ. ಮಂಡಿ ಸವೆದಿದೆ ಟೈಲರಮ್ಮ. ಸವೆದಿದ್ದು ವಾಪಸ್ ಬರಲ್ವಂತೆ. ಮೈಭಾರ ಇಳಿದ್ರೆ ಮಂಡಿಗೆ ಹೊರೆ ಕಮ್ಮಿ, ನೋವೂ ಕಮ್ಮಿ ಅಂದ್ರು ಡಾಕ್ಟರು. ನಿಜಾನೇ... ಮೊದಲು ಮೂರನೇ ಮೆಟ್ಟಿಲಿಗೇ ಜೀವ ಹೋಗ್ತಿತ್ತು."

'ಕಾಲಿಲ್ವಾ ನಿಮಗೆ' ಎಂದ ತನ್ನದೇ ಮಾತು ತಿರುಗಿ ಬಂದು ಚುಚ್ಚಿತು. ಅವಳ ಕಣ್ಣು ತುಂಬಿಕೊಂಡಿತು.

"ಮುಂಚೇನೇ ಹೇಳಬಾರದಿತ್ತಾ? ಕೆಳಗಿಂದ ಕೂಗಿದ್ರೂ ಸಾಕಿತ್ತಲ್ರೀ!"

"ಮಂಡಿ ವಿಷಯ ಕೂಗಬಹುದಿತ್ತು. ಆದ್ರೆ ನಾನು ಹೇಳಬೇಕಾಗಿದ್ದು ಬೇರೆ... ಅದು ಬೀದೀಲಿ ನಿಂತು ಕೂಗೋ ಮಾತಲ್ಲ."

ಅಕ್ಕ ಥಟ್ಟನೆ ಎದ್ದಳು. "ದಾರ ಮುಗಿದಿದೆ, ತರ್ತೀನಿ!" ಪೆಟ್ಟಿಗೆ ತುಂಬ ದಾರವಿತ್ತು.

"ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ನನ್ನ ಮದುವೆ ಆಗ್ತೀರಾ?"

ಅವಳು ಅವನ ಕೈಯಲ್ಲಿದ್ದ ಪ್ಯಾಂಟು ಕಸಿದು, ಒಳಗೆ ತಾನೇ ಉಳಿಸಿದ್ದ ಬಟ್ಟೆಯನ್ನು ಕತ್ತರಿಯಿಂದ ಕಚಕಚನೆ ಕತ್ತರಿಸಿ ಹಾಕಿದಳು.

"ಅಯ್ಯೋ! ನಾನು ಮತ್ತೆ ದಪ್ಪಗಾದ್ರೆ?"

"ಆಗ ಹೊಸದು ಹೊಲೀತೀನಿ. ನಿಮ್ಮ ಮನೇಲೇ ಇರ್ತೀನಲ್ಲ!"

ಅವನು ನಕ್ಕ. ನಗುನಗುತ್ತಲೇ ಮೆಟ್ಟಿಲ ಕಡೆ ನೋಡಿ ಮುಖ ಸಣ್ಣಗೆ ಮಾಡಿದ.

"ಹತ್ತೋದಕ್ಕಿಂತ ಇಳಿಯೋದೇ ಕಷ್ಟ, ಟೈಲರಮ್ಮ."

"ಹಾಗಾದ್ರೆ ನನ್ನ ಕೈ ಹಿಡ್ಕೊಳ್ಳಿ. ಆ ಹುಡುಗಿಗೆ ಇವತ್ತು ರಜ!"