ಓಂಕಾರೇಶನ ಬೈಕಿನ ಮುಂದಿನ ಚಕ್ರ

"ಅಮ್ಮಾ, ನಾನು ಹೊಸಾ ಬೇರಿಂಗೇ ಹಾಕಿದ್ದು ಕಣ್ರೀ. ಶೆಡ್ ಹೋದ್ರೆ ನಾನೆಲ್ಲಿಗೆ ಹೋಗ್ಲಿ?"

ಮೆಕ್ಯಾನಿಕ್ ತಿಪ್ಪೇಶ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡ. ತರೀಕೆರೆಯಲ್ಲಿ ಇಂಥ ದೂರುಗಳು ಬಂದು ಮುಟ್ಟುವುದು ನಮ್ಮ ಪಕ್ಕದ ಮನೆಯ ಸುಲೋಚನಮ್ಮನವರ ಜಗಲಿಗೇ. ಅವರು ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾದವರು. ನಾನು, ಶಿವಮೂರ್ತಪ್ಪ, ಮೂವತ್ತು ವರ್ಷ ಕೊಳಾಯಿ ರಿಪೇರಿ ಮಾಡಿದವನು. ಅವರು ಪತ್ತೆ ಹಚ್ಚಿದ್ದನ್ನೆಲ್ಲ ಹೆಮ್ಮೆಯಿಂದ ಬರೆದಿಡುವುದು ಈಗ ನನ್ನ ಉದ್ಯೋಗ. ಇದೊಂದನ್ನು ಬರೆಯಲು ಮಾತ್ರ ನಾಚಿಕೆಯಾಗುತ್ತಿದೆ.

ನಡೆದದ್ದು ಇಷ್ಟು. ನಮ್ಮ ಬೀದಿಯ ಓಂಕಾರೇಶ ತನ್ನ ತಾತನ ಕಾಲದ ಬೈಕಿನ ಮುಂದಿನ ಚಕ್ರಕ್ಕೆ ತಿಪ್ಪೇಶನಿಂದ ಬೇರಿಂಗ್ ಹಾಕಿಸಿದ. ಶನಿವಾರ ಅಮೃತಾಪುರಕ್ಕೆ ಹೋಗಿ ಬಂದ, ಏನೂ ತೊಂದರೆಯಾಗಲಿಲ್ಲ. ಅಂದು ಸಂಜೆ ಬೈಕು ಎಂದಿನಂತೆ ನನ್ನ ಮತ್ತು ಸುಲೋಚನಮ್ಮನವರ ಮನೆಗಳ ನಡುವಿನ ಚಪ್ಪರದಡಿ ನಿಂತಿತ್ತು. ಭಾನುವಾರ ಅಜ್ಜಂಪುರದ ದಾರಿಯಲ್ಲಿ ಚಕ್ರ ಇದ್ದಕ್ಕಿದ್ದಂತೆ ಕಚ್ಚಿಕೊಂಡಿತು. ಓಂಕಾರೇಶ ಬಿದ್ದು ಭುಜದ ಮೂಳೆ ಮುರಿದುಕೊಂಡ. ತಿಪ್ಪೇಶನ ಶೆಡ್ಡು ಇದ್ದದ್ದು ಓಂಕಾರೇಶನ ಜಾಗದಲ್ಲೇ. "ಹಳೇ ಬೇರಿಂಗ್ ಹಾಕಿ ನನ್ ಜೀವ ತೆಗೀತಿದ್ದ. ಗುರುವಾರದೊಳ್ಗೆ ಜಾಗ ಖಾಲಿ ಮಾಡ್ಲಿ," ಎಂದು ಹೇಳಿ ಕಳಿಸಿದ್ದ.

ಸೋಮವಾರ ಸುಲೋಚನಮ್ಮ ಚಕ್ರವನ್ನು ಜಗಲಿಗೆ ತರಿಸಿ ಬಿಚ್ಚಿಸಿದರು. ಬೇರಿಂಗ್ ಸುಟ್ಟು ನೀಲಿಗಟ್ಟಿತ್ತು. ಅದರ ಅಂಚಿನ ನಂಬರನ್ನು ತಿಪ್ಪೇಶ ತಂದಿದ್ದ ಬೇರಿಂಗಿನ ಖಾಲಿ ಡಬ್ಬಿಯ ನಂಬರಿನೊಂದಿಗೆ ತಾಳೆ ನೋಡಿದರು. ಗ್ರೀಸನ್ನು ಬೆರಳಲ್ಲಿ ಉಜ್ಜಿದರು. ಹೊರಗಿನ ನಟ್ಟಿನ ಮೇಲಿದ್ದ ಗೀರುಗಳನ್ನು ಬಹಳ ಹೊತ್ತು ನೋಡಿದರು.

"ಯಾವ ಸ್ಪ್ಯಾನರ್ ಹಾಕಿದ್ದೆ, ತಿಪ್ಪೇಶ?"

"ಇಂಚಿನದು ಅಮ್ಮಾ. ಹಳೇ ಗಾಡಿಗೆ ಬೇರೇದು ಕೂರಲ್ಲ."

"ನೀವೇನಂತೀರಿ, ಶಿವಮೂರ್ತಪ್ಪ?"

"ಇವ್ನೇ ಸಡಿಲ ಬಿಟ್ಟಿರ್ಬೇಕು," ಎಂದೆ. ಅರ್ಧ ಕುಡಿದ ಕಾಫಿ ಲೋಟವನ್ನು ಕೆಳಗಿಟ್ಟೆ.

ಬುಧವಾರ ಬೆಳಿಗ್ಗೆ ಅವರು ಎಲ್ಲರನ್ನೂ ಕರೆಸಿದರು. ಓಂಕಾರೇಶ ತೋಳು ಕಟ್ಟಿಸಿಕೊಂಡು ಕುರ್ಚಿಯಲ್ಲಿ ಕುಳಿತ. ತಿಪ್ಪೇಶ ಕಂಬಕ್ಕೊರಗಿ ನಿಂತ.

"ಡಬ್ಬಿ ಮೇಲಿನ ನಂಬರೇ ಬೇರಿಂಗ್ ಮೇಲೂ ಇದೆ, ಅಂಕಿ ಒಂಚೂರೂ ಸವೆದಿಲ್ಲ. ಅಂದ್ರೆ ಹೊಸದೇ," ಎಂದು ಸುಲೋಚನಮ್ಮ ಶುರು ಮಾಡಿದರು. "ಗ್ರೀಸೂ ಬೇಕಾದಷ್ಟಿದೆ. ಈ ಥರದ ಬೇರಿಂಗನ್ನ ಪೂರ್ತಿ ಬಿಗಿ ಮಾಡಿ, ಆಮೇಲೆ ಚೂರು ಹಿಂದಕ್ಕೆ ತಿರುಗಿಸ್ಬೇಕು. ಚಕ್ರ ಅಲ್ಲಾಡಿಸಿದ್ರೆ ಕೂದಲೆಳೆಯಷ್ಟು ಆಟ ಕೈಗೆ ಸಿಗ್ಬೇಕು. ಇಲ್ದಿದ್ರೆ ಬಿಸಿಯಾಗಿ ಹಿಗ್ಗಿ ಕಚ್ಕೊಳ್ಳತ್ತೆ. ತಿಪ್ಪೇಶ ಬಿಗಿ ಮಾಡಿದ್ರೆ ಅಮೃತಾಪುರಕ್ಕೆ ಹೋಗಿ ಬರೋಷ್ಟ್ರಲ್ಲೇ ಕಚ್ಚಬೇಕಿತ್ತು. ಹಂಗಾಗ್ಲಿಲ್ಲ. ಶನಿವಾರ ಸಂಜೆ, ಗಾಡಿ ಚಪ್ಪರದಲ್ಲಿದ್ದಾಗ, ಬೇರೆ ಕೈ ಬಿದ್ದಿದೆ."

"ಬೇಕೂ ಅಂತ ಮಾಡಿದ್ದಾ?" ಓಂಕಾರೇಶ ಕೇಳಿದ.

"ಅಲ್ಲಪ್ಪ. ಚಕ್ರ ಅಲ್ಲಾಡ್ತಿದೆ, ಬಿದ್ದುಗಿದ್ದಾನು ಅಂತ ಒಳ್ಳೇ ಮನಸ್ಸಿಂದ್ಲೇ ಬಿಗಿ ಮಾಡಿದಾರೆ. ನಟ್ಟಿನ ಮೇಲಿರೋದು ಪೈಪ್ ರೆಂಚಿನ ಹಲ್ಲಿನ ಗುರುತು, ತಿಪ್ಪೇಶನ ಸ್ಪ್ಯಾನರಿಗೆ ಹಲ್ಲೇ ಇಲ್ಲ. ಚೂರು ಸಡಿಲಾದ್ರೂ ನೀರು ಸೋರತ್ತೆ ಅಂತ ಜೀವಮಾನವೆಲ್ಲ ತಿರುಗಿಸಿದ ಕೈ. ಸುಟ್ಟು ಕಚ್ಚಿಕೊಂಡ ಚಕ್ರ ಕಣ್ಮುಂದೆ ಇದ್ರೂ 'ಸಡಿಲ' ಅನ್ನೋ ಮಾತು ಅವರ ಬಾಯಿಂದ್ಲೇ ಬಂತು."

ಅವರು ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

"ನಾನೇ," ಎಂದೆ.

"ಮೂರ್ ದಿನದಿಂದ ಯಾಕ್ ಬಾಯಿ ಬಿಡ್ಲಿಲ್ಲ, ಮಾವ?" ಓಂಕಾರೇಶನ ದನಿ ಏರಿತು.

"ನೀನು ಬಿದ್ದೆ ಅಂತ ಗೊತ್ತಾದ್ ತಕ್ಷಣ ನನ್ನಿಂದ್ಲೇ ಆಯ್ತು ಅಂತ ಹೆದರ್ಬಿಟ್ಟೆ ಕಣೋ. ಅಷ್ಟ್ರಲ್ಲಿ ನೀನು ತಿಪ್ಪೇಶನ ಹೆಸರೆತ್ತಿದೆ. ಸುಮ್ನಾಗ್ಬಿಟ್ಟೆ."

ಶೆಡ್ಡು ಉಳಿಯಿತು. ಓಂಕಾರೇಶ ಅಲ್ಲೇ ತಿಪ್ಪೇಶನ ಕೈ ಹಿಡಿದು ತಪ್ಪಾಯಿತು ಎಂದ. ಮೂರು ದಿನ ಊರ ಬಾಯಿಗೆ ಬಿದ್ದ ತಿಪ್ಪೇಶ ನನ್ನನ್ನು ಬೈಯಲಿಲ್ಲ. "ನಮ್ಮಪ್ಪನ ವಯಸ್ಸಿನೋರು, ಏನಂತ ಅನ್ಲಿ," ಎಂದು ಚಕ್ರ ಹೊತ್ತುಕೊಂಡು ಹೊರಟುಹೋದ. ಅವನು ಬೈದಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು.

ಎಲ್ಲರೂ ಹೋದ ಮೇಲೆ ಕೇಳಿದೆ: "ನಿಮ್ಗೆ ಯಾವಾಗ ಗೊತ್ತಾಯ್ತು?"

"ಸೋಮವಾರವೇ."

"ಮತ್ತೆ ಇವತ್ತಿನವರೆಗೂ ಯಾಕೆ ಸುಮ್ನಿದ್ರಿ?"

"ನೀವಾಗೇ ಹೇಳ್ತೀರ ಅಂದ್ಕೊಂಡಿದ್ದೆ," ಎಂದು ಅವರು ಲೋಟಗಳನ್ನೆತ್ತಿಕೊಂಡು ಒಳಗೆ ಹೋದರು.

ನಾನು ಬಲ್ಲಂತೆ ಸುಲೋಚನಮ್ಮನವರ ಲೆಕ್ಕಾಚಾರ ತಪ್ಪಿದ್ದು ಅದೊಂದೇ ಸಲ.